ಸುಕೇಶ್ ಕಳಿಸಿದ ಎಣ್ಣೆ

"ಒಳಗೆ ಬರಬೇಡ, ಸುಕೇಶ್!"

ಗೆಳತಿ ಕೃಪಾ ಪರಿಚಯಿಸಿದಾಗಿನಿಂದ ಫೋನಿನ ಪರದೆಯಲ್ಲಷ್ಟೇ ಕಂಡಿದ್ದ ಮುಖ ಈಗ ಟೂಂಗಾಬಿ ಬಡಾವಣೆಯ ಅವಳ ಬಾಡಿಗೆ ಮನೆ ಬಾಗಿಲಲ್ಲಿ ನಿಂತಿತ್ತು. ಅರುಂಧತಿ ತಲೆಗೆ ಸುತ್ತಿದ್ದ ದುಪಟ್ಟಾವನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು.

"ಮೆಲ್ಬರ್ನ್‌ನಿಂದ ಬಂದಿದ್ದೇನೆ ಮಾರಾಯ್ತಿ. ಮದುವೆ ಬೇಡ ಅಂತ ಒಂದು ಮೆಸೇಜ್ ಹಾಕಿದ್ರೆ ಮುಗೀತಾ? ಬೇರೆ ಯಾರಾದ್ರೂ ಇದ್ದಾರಾ?"

"ಯಾರೂ ಇಲ್ಲ..."

"ಮತ್ತೆಂತ?"

ಹೇಳುವುದು ಹೇಗೆ? ಆಫೀಸಿನಲ್ಲಿ ಅವಳ ಕುರ್ಚಿಯ ಬೆನ್ನಿನ ಮೇಲೆ ಬಿಳಿ ಪುಡಿ ಉದುರಿರುತ್ತಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ನೋಡುತ್ತಿದ್ದರು, ಅಷ್ಟೇ.

ಇವನೂ ಹಾಗೇ ನೋಡಿಬಿಟ್ಟರೆ...?

ನೋಡಲಿ, ಹೋಗಲಿ! ದುಪಟ್ಟಾ ಎಳೆದು ತೆಗೆದಳು. ಬೈತಲೆಯುದ್ದಕ್ಕೂ ಹಳದಿ ಹಕ್ಕಳೆ. ಕಿವಿಯ ಹಿಂದೆ ಕೆರೆದು ಕೆಂಪಾದ ಚರ್ಮ.

ಸುಕೇಶ್ ಗಾಬರಿಯಾದ. "ಹೊಟ್ಟು ಅಂದಿದ್ದಿ... ಅಮ್ಮ ಕಾಯಿಸಿದ ಎಣ್ಣೆ ಕಳಿಸಿದ್ದೆನಲ್ಲ, ಹಚ್ಚಲಿಲ್ವಾ?"

"ದಿನಾ ಹಚ್ಚಿದೆ. ನೀನು ಕಳಿಸಿದ್ದು ಅಂತ ಬೆಳಗಿನವರೆಗೂ ತಲೇಲೇ ಬಿಟ್ಕೊಂಡೆ! ಅದ್ರಿಂದಾನೇ ಜಾಸ್ತಿ ಆಯ್ತು. ಡಾಕ್ಟರಿಗೆ ತೋರಿಸಿದೆ, ಸೆಬೊರಿಕ್ ಡರ್ಮಟೈಟಿಸ್ ಅಂತೆ, ನೆತ್ತಿಯ ಚರ್ಮದ ಕಾಯಿಲೆ. ಎಣ್ಣೆ ಹಚ್ಚಿದಷ್ಟೂ ಕೆರಳುತ್ತಂತೆ."

"ಅಯ್ಯೋ ದೇವರೇ... ನಾನೇ ಮಾಡಿದ್ದಾ?"

"ಮುಂಚೇನೂ ಇತ್ತು. ಕೊಳಕಿನಿಂದ ಬಂದಿದ್ದಲ್ಲ, ಒಬ್ಬರಿಂದೊಬ್ಬರಿಗೆ ಅಂಟಲ್ಲ. ಆದ್ರೆ ಪೂರ್ತಿ ಹೋಗೋದೂ ಇಲ್ಲ. ಕಡಿಮೆ ಆಗುತ್ತೆ, ಮತ್ತೆ ಬರುತ್ತೆ... ನಿನಗೆ ಅಸಹ್ಯ ಆಗಲ್ವಾ?"

ಅವನು ಅವಳ ನೆತ್ತಿಯನ್ನು ಇನ್ನೊಮ್ಮೆ ನೋಡಿದ. ಅವಳಿಗೆ ಬಾಗಿಲು ಹಾಕಿಕೊಂಡುಬಿಡಬೇಕೆನಿಸಿತು.

"ಸುಳ್ಳು ಹೇಳುದಿಲ್ಲ. ನೋಡುವಾಗ ಒಂದು ಸಲ ಕಸಿವಿಸಿ ಆಯ್ತು. ಆದ್ರೆ ನೀನು ಬೇಡ ಅಂತ ಅನಿಸ್ಲಿಲ್ಲ. ಮದ್ದು ಎಂತ ಕೊಟ್ಟಿದ್ದಾರೆ?"

"ಶಾಂಪೂ. ಹಚ್ಚಿ ಐದು ನಿಮಿಷ ಬಿಡಬೇಕು. ಬೇರೆಯವರ ಜೊತೆ ಇರೋ ಶೇರ್ ಮನೆ, ಒಂದೇ ಬಾತ್‌ರೂಮ್. ಯಾರಾದ್ರೂ ನೋಡ್ತಾರೆ ಅಂತ ತಕ್ಷಣ ತೊಳೆದುಬಿಡ್ತೀನಿ."

"ನಡಿ, ನಾನು ಹಚ್ತೇನೆ."

ಬಟ್ಟೆ ಒಗೆಯುವ ಕೋಣೆಯ ಸಿಂಕಿನ ಮೇಲೆ ಅವಳು ತಲೆ ಬಗ್ಗಿಸಿದಳು. ಅವನು ಉಗುರು ತಾಗದಂತೆ, ಬೆರಳ ತುದಿಯಿಂದ ನೊರೆ ಹಚ್ಚಿದ. ಯಾರಿಗೂ ಮುಟ್ಟಲು ಬಿಡದ ತಲೆ! ಅವಳಿಗೆ ಅಳು ಬಂತು.

"ಉರೀತದಾ?"

"ಇಲ್ಲ... ಆ ಮೆಸೇಜ್ ಸುಳ್ಳು, ಸುಕೇಶ್. ನೀನು ನನಗೆ ಬೇಕು."

"ಹಾಗಾದ್ರೆ ಅಲುಗಾಡಬೇಡ. ಐದು ನಿಮಿಷ ಆಗಲಿಲ್ಲ ಇನ್ನೂ."

"ಆಮೇಲೆ?"

"ತೊಳೆದು, ನಿನ್ನ ಅಮ್ಮನಿಗೆ ವಿಡಿಯೋ ಕಾಲ್ ಮಾಡುವ. ಮದುವೆ ಮಾತಾಡ್ಲಿಕ್ಕೆ."

"ಈ ತಲೇಲಾ?"

"ಈ ತಲೆಯಲ್ಲೇ."