ಓರೆಯಾಗಿಟ್ಟ ಕುರ್ಚಿ

“ಸಾಕು, ನಿಲ್ಲಿಸಿ.”

ರುದ್ರಾಣಿಯ ಬಾಯಲ್ಲಿ ಇಂಗ್ಲಿಷ್ ವಾಕ್ಯವೊಂದು ಅರ್ಧಕ್ಕೇ ನಿಂತುಹೋಯಿತು. ಎದುರಿಗೆ ಕುಳಿತಿದ್ದ ನಿರಂಜನ್ ಪೆನ್ನನ್ನು ಮೇಜಿನ ಮೇಲಿಟ್ಟು ಕುರ್ಚಿಗೆ ಒರಗಿದ.

“ಒಂದು ಮಾತು ಕೂಗಿ ಹೇಳ್ತೀರಾ, ಆಮೇಲೆ ಗಪ್‌ಚುಪ್. ಮತ್ತೆ ಇನ್ನೊಂದು ಮಾತು. ಇಷ್ಟು ಹೊತ್ತಲ್ಲಿ ಒಂದು ಸಲಾನೂ ನನ್ನ ಮುಖ ನೋಡಿಲ್ಲ. ಎದುರಿಗೆ ಕೂತಿರೋರಿಗೆ ಅಷ್ಟೂ ಮರ್ಯಾದೆ ಇಲ್ವಾ?”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ರುದ್ರಾಣಿಯ ಕಿವಿ ಕೆಂಪಾಯಿತು.

“ಕೊಟ್ಟು ತಗೊಳೋದು ಸರ್ ಮರ್ಯಾದೆ ಅಂದ್ರೆ,” ಎಂದಳು. ಆಗಲೂ ಅವಳ ಕಣ್ಣು ಮೇಜಿನ ಮೇಲೇ ಇತ್ತು.

ಅವರಿಬ್ಬರ ಮೊದಲ ಭೇಟಿ ನಡೆದದ್ದು ಹೀಗೆ...

ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಹತ್ತಿರ, ಬಟ್ಟೆ ಅಂಗಡಿಯ ಮೇಲಿನ ಒಂದು ಹಜಾರವೇ ಆ ಕೋಚಿಂಗ್ ಸೆಂಟರ್. ಹೊರದೇಶಕ್ಕೆ ಓದಲು ಹೋಗುವವರಿಗೆ ಅಲ್ಲಿ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ತಯಾರಿ. ಹೇಳಿಕೊಡುವವನು ಧನಗೆರೆಯ ಜಮೀನುದಾರರ ಮನೆಯ ನಿರಂಜನ್. ಪಾಠದಲ್ಲಿ ಜಾಣ, ಮಾತಿನಲ್ಲಿ ಖಾರ.

ರುದ್ರಾಣಿ ನೇಕಾರರ ಬೀದಿಯ ಹುಡುಗಿ. ನರ್ಸಿಂಗ್ ಮುಗಿಸಿ ಊರಿನ ಆಸ್ಪತ್ರೆಯೊಂದರಲ್ಲಿ ಮಕ್ಕಳ ವಾರ್ಡ್ ನೋಡಿಕೊಳ್ಳುತ್ತಿದ್ದಳು. ಅದರಲ್ಲೇ ಮುಂದೆ ಓದಬೇಕೆಂಬ ಹಟಕ್ಕೆ ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯವೊಂದು ಸೀಟನ್ನೂ ಕೊಟ್ಟಿತ್ತು. ಆದರೆ ಪರೀಕ್ಷೆಯ ಪ್ರತಿ ಭಾಗದಲ್ಲೂ ಒಂಬತ್ತಕ್ಕೆ ಆರೂವರೆ ಬರಲೇಬೇಕು. ಕೇಳುವುದು, ಓದುವುದು, ಬರೆಯುವುದು ಅವಳಿಗೆ ಸಲೀಸು. ಮಾತಿನ ಭಾಗದಲ್ಲಿ ಮಾತ್ರ ಹೋದ ಸಲ ಐದೂವರೆಗೇ ನಿಂತಿದ್ದಳು. ಈ ಸಲವೂ ತಪ್ಪಿದರೆ ಸೀಟು ಬೇರೆಯವರ ಪಾಲು.

ಮೈಸೂರಿಗೆ ಹೋಗಿ ಕಲಿಯೋಣವೆಂದರೆ ಡ್ಯೂಟಿ ಬಿಡುವಂತಿಲ್ಲ. ಬೇರೆ ದಾರಿಯೇ ಇರಲಿಲ್ಲ.

‘ಈ ಮನುಷ್ಯನ ಮುಂದೆ ಮಾತಾಡಿ ಗೆದ್ದರೆ ಲೋಕದಲ್ಲಿ ಯಾರ ಮುಂದೆಯಾದರೂ ಮಾತಾಡಬಹುದು...’ ಹಾಗೆಂದುಕೊಂಡು ಮಾರನೆಯ ದಿನವೂ ಮೆಟ್ಟಿಲು ಹತ್ತಿದಳು.

ಅಲ್ಲಿಂದ ಶುರುವಾಯಿತು ನೋಡಿ ಜಟಾಪಟಿ. ಅವನು ತಪ್ಪು ತೋರಿಸಿದರೆ ಇವಳು ಪುಸ್ತಕ ತೆರೆದು ಸಾಬೀತು ಮಾಡಿ ಎನ್ನುವಳು. ಇವಳು ತಡವಾಗಿ ಬಂದರೆ ಅವನು ಹಾಜರಿ ಕೂಗುವಾಗ ಇವಳ ಹೆಸರನ್ನು ಬೇಕೆಂದೇ ಎರಡು ಸಲ ಕೂಗುವನು. ಮಾರ್ಟಳ್ಳಿಯಿಂದ ಬರುತ್ತಿದ್ದ ಗೆಳತಿ ಮೋನಿಕಾಗೆ ಇದೇ ದಿನದ ತಮಾಷೆ.

“ಅಕ್ಕಾ, ನಿಮ್ಮಿಬ್ರು ಜಗಳ ಕೇಳೀನೇ ನಂಗೆ ಅರ್ಧ ಇಂಗ್ಲಿಷ್ ಬಂದ್ಬುಡ್ತು,” ಎನ್ನುತ್ತಿದ್ದಳು.

ಒಂದು ಭಾನುವಾರ ನಿರಂಜನನ ತಾಯಿ ವೀರಮ್ಮ ಮಗಳ ಮದುವೆಗೆ ಸೀರೆ ನೇಯಿಸಲು ನೇಕಾರರ ಬೀದಿಗೆ ಬಂದರು. ಜೊತೆಯಲ್ಲಿ ಮಗನೂ ಇದ್ದ. ಯಾರೋ ಹೇಳಿದ ಗುರುತು ಹಿಡಿದು ಅವರು ಬಂದು ನಿಂತದ್ದು ರುದ್ರಾಣಿಯ ಮನೆಯ ಬಾಗಿಲಲ್ಲೇ!

ಒಳಗೆ ಸಾಲಾಗಿ ಮಗ್ಗಗಳು. ರಜೆಯ ದಿನವಾದ್ದರಿಂದ ರುದ್ರಾಣಿಯೂ ಸೆರಗು ಬಿಗಿದು ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕುಳಿತಿದ್ದಳು. ಆಚೆಯ ಮಗ್ಗದಲ್ಲಿ ಅಪ್ಪ ಶಾಂತಮೂರ್ತಿ. ಲಾಳಿ ಓಡಿ, ಹಲಗೆ ಬಡಿಯುವ ಸದ್ದು ಎದೆಗೇ ತಾಕುವಂತಿತ್ತು.

“ರುದ್ರೀ...” ಹಲಗೆಯ ಏಟು ಬಿತ್ತು. “ಕೆಂಪು ನೂಲು...” ಇನ್ನೊಂದು ಏಟು. “ಸಾಕಾಯ್ತದಾ?”

“ಇಲ್ಲ ಕಣಪ್ಪ...” ಏಟು. “ಇನ್ನೊಸಿ...” ಏಟು. “ಬೇಕಾಯ್ತದೆ.”

ಇಬ್ಬರೂ ಕೂಗಿಯೇ ಮಾತಾಡುತ್ತಿದ್ದರು. ಇಬ್ಬರೂ ತಲೆ ಎತ್ತಲಿಲ್ಲ. ಕಣ್ಣು ಬಟ್ಟೆಯಿಂದ ಸರಿದರೆ ಎಳೆ ತುಂಡಾಗಿದ್ದು ತಿಳಿಯುವುದಿಲ್ಲ. ಏಟಿನ ಮೇಲೆ ಮಾತಾಡಿದರೆ ಕೇಳುವುದಿಲ್ಲ. ಆ ಮನೆಯಲ್ಲಿ ಮಕ್ಕಳು ಮಾತು ಕಲಿಯುವುದೇ ಹಾಗೆ.

ನೆರಳು ಬಿದ್ದದ್ದು ಕಂಡು ರುದ್ರಾಣಿ ಕತ್ತೆತ್ತಿದಳು. ಬಾಗಿಲಲ್ಲಿ ನಿರಂಜನ್! ಕಣ್ಣರಳಿಸಿ ನೋಡುತ್ತಾ ನಿಂತಿದ್ದಾನೆ.

“ಇದೇನಪ್ಪ, ಓದಿರೋ ಮಗೀನೂ ಮಗ್ಗಕ್ಕೆ ಕೂರ್ಸಿದ್ದೀರಾ?” ವೀರಮ್ಮ ಕೇಳಿದರು.

“ನಾವೆಲ್ಲಿ ಕೂರುಸ್ದೋ ಕಣವ್ವ. ಬ್ಯಾಡ ಅಂದ್ರೂ ಕೇಳಕಿಲ್ಲ, ಬಂದು ಕೂತ್ಕತಾಳೆ,” ಎಂದು ಶಾಂತಮೂರ್ತಿ ನಕ್ಕರು.

ವೀರಮ್ಮ ಬಣ್ಣ, ಅಂಚು ಎಲ್ಲ ಮಾತಾಡಿ ಮುಗಿಸುವವರೆಗೂ ನಿರಂಜನ್ ಮಗ್ಗಗಳನ್ನೇ ನೋಡುತ್ತಿದ್ದ. ರುದ್ರಾಣಿಗೆ ಮೈಯೆಲ್ಲ ಉರಿ. ‘ನೋಡಿಕೊಂಡು ಹೋಗಲಿ... ನಾಳೆ ಆಡಿಕೊಳ್ಳಲು ಹೊಸ ವಿಷಯ ಸಿಕ್ಕಿತಲ್ಲ!’

ಮರುದಿನ ಅವನು ಆಡಿಕೊಳ್ಳಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದ. ರುದ್ರಾಣಿಯ ಸರದಿ ಬಂದಾಗ ಎದ್ದು ಹೋಗಿ ಫ್ಯಾನ್ ಆರಿಸಿದ. ಎದುರಿಗಿದ್ದ ತನ್ನ ಕುರ್ಚಿಯನ್ನು ಎಳೆದು ಅವಳ ಪಕ್ಕಕ್ಕೆ, ಒಂದು ಮಾರು ದೂರದಲ್ಲಿ ಹಾಕಿಕೊಂಡ. ಈಗ ಇಬ್ಬರ ಮುಖವೂ ಕಿಟಕಿಯ ಕಡೆಗೆ.

“ಕಿಟಕಿ ನೋಡ್ಕೊಂಡೇ ಮಾತಾಡಿ,” ಎಂದ.

‘ಓ! ಮಗ್ಗದ ಗುಂಡಿಯಲ್ಲಿ ಕಂಡ ಮೇಲೆ ನನ್ನ ಮುಖ ನೋಡುವುದೂ ಬೇಡವಾಯಿತು...’ ಆ ಸಿಟ್ಟನ್ನೆಲ್ಲ ಕಿಟಕಿಯಾಚೆಯ ಬಸ್ಸುಗಳ ಮೇಲೆ ಇಂಗ್ಲಿಷಿನಲ್ಲೇ ಸುರಿದಳು.

ಮುಗಿದಾಗ ಅವನು ಇಷ್ಟೇ ಹೇಳಿದ, “ನಾಳೆ ಇನ್ನೂ ಸ್ವಲ್ಪ ಸಿಟ್ಟು ಮಾಡ್ಕೊಂಡು ಬನ್ನಿ.”

ದಿನವೂ ಅದೇ ಆಯಿತು. ಅವಳ ಸರದಿ ಬಂದರೆ ಫ್ಯಾನ್ ಬಂದ್. ಸೆಖೆಗೆ ಉಳಿದವರೆಲ್ಲ ಗೊಣಗಿದರು. ಯಾರೋ ಎದ್ದು ಸ್ವಿಚ್ ಹಾಕಲು ಹೋದರೆ ನಿರಂಜನ್ ಗದರಿ ಕೂರಿಸಿದ. ಮೋನಿಕಾ ನೋಟ್ಸಿನಿಂದ ಗಾಳಿ ಬೀಸಿಕೊಳ್ಳುತ್ತಾ, ನಿನ್ನ ದೆಸೆಯಿಂದ ನಾವೆಲ್ಲ ಬೇಯುತ್ತಿದ್ದೇವೆ ಎಂದು ಕಾಡಿದಳು. ನನ್ನ ಬೆವರಿಳಿಸಲು ಆ ಮನುಷ್ಯ ಹೂಡಿರುವ ಆಟ ಎಂದಳು ರುದ್ರಾಣಿ.

ಕೋಪ ಬಂದಾಗ ಕಣ್ಣಿಗೆ ಪೊರೆ ಬರುತ್ತದೆ. ಅವಳ ಬಾಯಿ ಒಣಗಿದಾಗ ನೀರಿನ ಲೋಟ ಸದ್ದಿಲ್ಲದೆ ಅವಳ ಕಡೆ ಸರಿಯುತ್ತಿತ್ತು. ಅವಳ ಡ್ಯೂಟಿ ಬದಲಾದ ದಿನ ಅವಳ ಸರದಿಯೂ ತಾನಾಗಿ ಕೊನೆಗೆ ಹೋಗುತ್ತಿತ್ತು. ಅವಳು ಯಾವುದನ್ನೂ ನೋಡಲಿಲ್ಲ.

ಪರೀಕ್ಷೆಗೆ ಇನ್ನೇನು ಸ್ವಲ್ಪ ದಿನವಿದೆ ಎನ್ನುವಾಗ ತಾಳ್ಮೆಯ ಕಟ್ಟೆ ಒಡೆಯಿತು. ನಿಮಗೆ ಅನ್ಯಾಯ ಎನಿಸಿದ ಸಂಗತಿಯೊಂದನ್ನು ಹೇಳಿ ಎಂದು ಅವನು ವಿಷಯ ಕೊಟ್ಟಿದ್ದ. ಅವಳು ಅವನನ್ನೇ ವಿಷಯ ಮಾಡಿಕೊಂಡಳು! ಜಂಬದ ಒಬ್ಬ ಮೇಷ್ಟ್ರು, ಅವನ ಚುಚ್ಚುಮಾತು, ಮನೆಗೆ ಬಂದು ಮಗ್ಗ ನೋಡಿ ಹೋದದ್ದು, ಮುಖ ತಪ್ಪಿಸಲು ಕುರ್ಚಿ ತಿರುಗಿಸಿದ್ದು... ಒಂದೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಹಜಾರವೆಲ್ಲ ಉಸಿರು ಬಿಗಿಹಿಡಿದು ಕೇಳಿತು.

ಕೊನೆಗೆ ಕನ್ನಡಕ್ಕೇ ಇಳಿದಳು.

“ನೇಕಾರರ ಮನೆಯವಳು ಅಂತ ತಾನೇ ನನ್ನ ಮುಖ ನೋಡಕ್ಕೆ ನಿಮಗೆ ಕಷ್ಟ?”

ನಿರಂಜನ್ ಪೆನ್ನು ಕೆಳಗಿಟ್ಟ.

“ನನ್ನ ಕುರ್ಚಿ ಈಗ ಎಲ್ಲಿದೆ ನೋಡಿ.”

ನೋಡಿದಳು. ಅವನ ಕುರ್ಚಿ ಅವಳ ನೇರ ಎದುರಿಗಿತ್ತು. ಮೇಜಿನ ಆಚೆಗೆ, ಪರೀಕ್ಷಕ ಕೂರುವ ಜಾಗದಲ್ಲಿ!

“ಫ್ಯಾನ್?”

ತಲೆಯ ಮೇಲೆ ಫ್ಯಾನ್ ಟಕ್ ಟಕ್ ಎಂದು ಬಡಿದುಕೊಳ್ಳುತ್ತಾ ತಿರುಗುತ್ತಿತ್ತು. ಆ ಸದ್ದಿಗೆ ಅವಳು ಒಂದು ಸಲವೂ ಮಾತು ನಿಲ್ಲಿಸಿರಲಿಲ್ಲ, ಕೂಗಿಯೂ ಇರಲಿಲ್ಲ. ಅಷ್ಟು ಹೊತ್ತೂ ಅವನ ಕಣ್ಣನ್ನೇ ನೋಡುತ್ತಾ ಮಾತಾಡಿದ್ದಳು...

“ಈ ಹಾಳು ಫ್ಯಾನ್ ಮಗ್ಗದ ಥರಾನೇ ಬಡ್ಕೊಳುತ್ತೆ. ಅದರ ಏಟು ತಪ್ಪಿಸಿ ತಪ್ಪಿಸಿ ನೀವು ಮಾತಾಡ್ತಿದ್ರಿ. ನಿಮ್ಮನೆ ಬಾಗಿಲಲ್ಲಿ ನಿಂತಾಗ ಗೊತ್ತಾಯ್ತು. ಅದಕ್ಕೇ ದಿನಾ ಆರಿಸ್ತಿದ್ದೆ, ಇವತ್ತು ಆರಿಸ್ಲಿಲ್ಲ. ಕುರ್ಚೀನ ಪಕ್ಕಕ್ಕೆ ಹಾಕಿ, ದಿನಾ ಒಂದೊಂದು ಚೂರು ಓರೆ ಮಾಡ್ತಾ ಬಂದೆ.” ಅವನು ಎದ್ದು ನಿಂತ. “ನಿಮಗೆ ಮರ್ಯಾದೆ ಇಲ್ಲ ಅಂತ ಎಲ್ಲರ ಎದುರಿಗೆ ಅಂದಿದ್ದೆ. ತಪ್ಪಾಯ್ತು. ಅದನ್ನೂ ಎಲ್ಲರ ಎದುರಿಗೇ ಹೇಳ್ತಿದ್ದೀನಿ.”

“ಆವತ್ತೇ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಅದನ್ನೇ ಯೋಚಿಸ್ತಾ ಮತ್ತೆ ತಡವರಿಸ್ತಿದ್ರಿ. ಸಿಟ್ಟು ಬಂದಾಗ ನೀವು ಚೆನ್ನಾಗಿ ಮಾತಾಡ್ತೀರಿ.”

“ಅಂದ್ರೆ ಬೇಕಂತಲೇ ಸಿಟ್ಟು ಬರಿಸಿದ್ರಾ?”

“ಅರ್ಧ ಬೇಕಂತ. ಇನ್ನರ್ಧ ನನ್ನ ಸ್ವಭಾವ.”

ರುದ್ರಾಣಿ ಚೀಲ ಎತ್ತಿಕೊಂಡು ಮೆಟ್ಟಿಲಿಳಿದುಬಿಟ್ಟಳು. ಬೀದಿಯ ತಿರುವಿನವರೆಗೂ ಅವನನ್ನು ಬೈದುಕೊಂಡೇ ನಡೆದಳು. ತಿರುವು ದಾಟಿದ ಮೇಲೆ ಯಾಕೋ ಕಣ್ಣು ತುಂಬಿತು.

ಮೈಸೂರಿನಲ್ಲಿ ಪರೀಕ್ಷೆಯ ದಿನ ಎದುರಿಗೆ ಕುಳಿತಿದ್ದಾಕೆ ನರೆಗೂದಲಿನ ಹೆಂಗಸು. ರುದ್ರಾಣಿ ಅವರ ಮುಖ ನೋಡಿ ತನ್ನ ವಾರ್ಡಿನ ಮಕ್ಕಳ ಬಗ್ಗೆ ಹೇಳತೊಡಗಿದಳು. ಹೇಳುತ್ತಾ ಹೇಳುತ್ತಾ ಪರೀಕ್ಷೆಯೆಂಬುದೇ ಮರೆತುಹೋಯಿತು.

ಫಲಿತಾಂಶ ಬಂದಾಗ ಮಾತಿನ ಭಾಗಕ್ಕೆ ಏಳು!

ಅಪ್ಪ ಅಮ್ಮನಿಗೆ ಹೇಳಿ, ಸೀದಾ ಕೋಚಿಂಗ್ ಸೆಂಟರಿಗೆ ಬಂದಳು. ಮಧ್ಯಾಹ್ನದ ಹೊತ್ತು, ಹಜಾರ ಖಾಲಿಯಿತ್ತು. ನಿರಂಜನ್ ಅವಳ ಫೋನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ.

“ಬರವಣಿಗೇಲಿ ಯಾಕೆ ಬರೀ ಆರೂವರೆ?” ಎಂದ.

“ಅದನ್ನ ಕಲಿಸಿದ್ದೂ ನೀವೇ.”

ಅವನು ನಕ್ಕ. ಅವನ ನಗು ಇಷ್ಟು ಮೆತ್ತಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಸೆಪ್ಟೆಂಬರಿಗೆ ಹೊರಡಬೇಕು, ಒಂದು ವರ್ಷದ ಓದು ಎಂದಳು. ಅವನ ನಗು ಸಣ್ಣಗಾಯಿತು.

“ಒಳ್ಳೇದಾಗ್ಲಿ.”

“ಅಷ್ಟೇನಾ?”

“ಮಿಕ್ಕಿದ್ದು ಹೇಳಿದ್ರೆ ನಿಮ್ಮ ದಾರಿಗೆ ಅಡ್ಡ ಬಂದಂಗಾಗುತ್ತೆ.”

“ಅಡ್ಡ ಬಂದ್ರೆ ನಿಲ್ತೀನಿ ಅಂದ್ಕೊಂಡ್ರಾ? ನಾನು ಹೋಗೇ ಹೋಗ್ತೀನಿ. ನೀವು ಹೇಳಿ.”

ನಾಲಗೆಯಲ್ಲಿ ಸದಾ ಮೆಣಸಿಟ್ಟುಕೊಂಡಿದ್ದವನಿಗೆ ಮಾತು ಹೊರಡಲು ಹೊತ್ತಾಯಿತು.

“ನಿಮ್ಮನ್ನ ಕಂಡ್ರೆ ನಂಗೆ ಇಷ್ಟ, ರುದ್ರಾಣಿ. ನಿಮ್ಮ ಹತ್ರ ಮೊದಲ್ನೇ ಸಲ ಬೈಸ್ಕೊಂಡ ದಿನದಿಂದಾನೂ.”

ಎದೆ ಹೊಡೆದುಕೊಳ್ಳುವ ಸದ್ದು ಅವನಿಗೂ ಕೇಳಿಬಿಟ್ಟೀತೇನೋ ಎಂದು ಅವಳಿಗೆ ಅನಿಸಿತು. ಹಾಗೆಂದು ಸೋಲುವ ಹುಡುಗಿಯೇ ಅವಳು?

“ಓದು ಮುಗಿಸಿ ಬರ್ತೀನಿ. ಅಲ್ಲೀವರೆಗೂ ಕಾದಿರಬೇಕು.”

“ಇದು ಕೇಳ್ತಿರೋದಾ, ಹೇಳ್ತಿರೋದಾ?”

“ಹೇಳ್ತಿರೋದು.”

“ಸರಿ. ಕಾಯ್ತೀನಿ,” ಎಂದ ನಿರಂಜನ್. “ಆದ್ರೆ ಅಲ್ಲಿಂದ ವಾರಕ್ಕೊಂದು ಸಲ ಫೋನ್ ಮಾಡಿ ಚೆನ್ನಾಗಿ ಜಗಳ ಆಡಬೇಕು.”

ರುದ್ರಾಣಿ ಅವನ ಕೈಯಿಂದ ಫೋನ್ ತೆಗೆದುಕೊಳ್ಳಲು ಹೋದವಳು ಬೆರಳುಗಳನ್ನು ಅವನ ಕೈಯಲ್ಲೇ ಬಿಟ್ಟಳು.

“ವಾರಕ್ಕೆ ಒಂದೇ ಸಲಾನಾ?”