ಹಿಂಬದಿ ಸೀಟಿನ ಕಳವು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಗಂಡ ಹೆಂಡತಿ ಇಬ್ಬರು ಠಾಣೆಗೆ ಬಂದರು. ದೂರು ಬೈಕಿನದು. ಆದರೆ ಬೈಕು ಠಾಣೆಯ ಬಾಗಿಲಲ್ಲೇ ನಿಂತಿತ್ತು: ನೂರೈವತ್ತು ಸಿಸಿಯ ಕೆಂಪು ಸ್ಪೋರ್ಟ್ಸ್ ಬೈಕು, ಮುಂದಕ್ಕೆ ಬಾಗಿ ಓಡಿಸುವಂಥದ್ದು, ಪಕ್ಕಕ್ಕೆ ರೇಸಿನ ಸ್ಟಿಕ್ಕರು. ಕಳುವಾಗಿದ್ದು ಅದರ ಹಿಂದಿನ ಸೀಟು.

"ಬರೀ ಸೀಟಾ?" ಎಂದ ಹೆಡ್ ಕಾನ್‌ಸ್ಟೆಬಲ್.

"ಬರೀ ಹಿಂದಿನದು," ಎಂದ ಗಂಡ. ಅವನು ಕೊರಿಯರ್ ಕಂಪನಿಯಲ್ಲಿ ಪಾರ್ಸೆಲ್ ಹಂಚುವವನು. "ನಿನ್ನೆ ಹತ್ತರಿಂದ ಹನ್ನೆರಡರ ಒಳಗೆ, ನಮ್ಮ ಆಫೀಸಿನ ಪಾರ್ಕಿಂಗ್‌ನಲ್ಲಿ. ಅದರ ಜಾಗಕ್ಕೆ ಇದನ್ನ ಕೂರಿಸಿ ಹೋಗಿದ್ದಾರೆ."

ಸೀಟಿದ್ದಲ್ಲಿ ಒಂಟೆಯ ಡುಬ್ಬದಂಥ ತಗಡಿನ ಮುಚ್ಚಳವಿತ್ತು. ಬೈಕಿನದೇ ಕೆಂಪು ಬಣ್ಣ. ಉಗುರು ತೂರಿಸಲೂ ಸಂದು ಸಿಗದಷ್ಟು ಅಚ್ಚುಕಟ್ಟು ಕೆಲಸ.

"ಕದ್ದಿದ್ದೂ ಅಲ್ದೆ ಉಡುಗೊರೆ ಬೇರೆ ಕೊಟ್ಟಿದ್ದಾನಲ್ಲಪ್ಪ! ನಮ್ಮ ಮನೆ ಕಡೆಗೂ ಒಂದ್ಸಲ ಬಂದು ಹೋಗು ಅನ್ನಿ ಅವನಿಗೆ," ಎಂದು ನಕ್ಕ ಹೆಡ್ ಕಾನ್‌ಸ್ಟೆಬಲ್.

"ನಗಬೇಡಿ ಸಾರ್," ಎಂದಳು ಹೆಂಡತಿ. "ಅದರ ಮೇಲೆ ನಾನು ಹೇಗೆ ಕೂತ್ಕೊಳ್ಳಲಿ?"

ಅವಳಿಗೆ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಪಾಳಿ ಬೆಳಿಗ್ಗೆ ಆರಕ್ಕೆ, ಮೊದಲ ಬಸ್ಸು ಏಳಕ್ಕೆ. ದಿನಾ ಗಂಡನೇ ಬಿಟ್ಟು ಬರುತ್ತಿದ್ದ. ಸೇರಿ ಇನ್ನೂ ಎರಡು ತಿಂಗಳು. ಕೆಲಸ ಖಾಯಂ ಆಗಿರಲಿಲ್ಲ. ಇವತ್ತು ತಡವಾಗಿ ಹೋದದ್ದಕ್ಕೆ ಮೇಲ್ವಿಚಾರಕಿ ಗೇಟಿನಲ್ಲೇ ತಡೆದು, ಒಂದು ದಿನದ ರಜೆ ಹಾಕಿ, ಇನ್ನೆರಡು ಸಲ ಹೀಗಾದರೆ ಬರಲೇಬೇಡ ಎಂದು ವಾಪಸ್ ಕಳಿಸಿದ್ದಳು.

"ಹೊಸ ಸೀಟ್ ಹಾಕಿಸಿಕೊಳ್ಳಿ," ಎಂದರು ಒಳಗಿಂದ ಬಂದ ಇನ್‌ಸ್ಪೆಕ್ಟರ್. ಅವರ ಮೇಜಿನ ಮೇಲೆ ಎರಡು ಮನೆಗಳ್ಳತನ, ಒಂದು ಚಾಕು ಇರಿತದ ಕೇಸುಗಳು ಕೂತಿದ್ದವು.

"ಶೋರೂಮಲ್ಲಿ ಕೇಳಿದ್ವಿ. ಆ ಸೀಟು ಬೇರೆ ದೇಶದಿಂದ ಬರಬೇಕಂತೆ. ಒಂದು ತಿಂಗಳು ಅಂದ್ರು."

"ಅಲ್ಲಿವರೆಗೆ ಆಟೋ..."

"ಆಟೋಗೆ ಕೊಡೋದಾದ್ರೆ ಆಟೋದವರಿಗೋಸ್ಕರ ನಾನು ಬಟ್ಟೆ ಒಗೀಬೇಕು ಸಾರ್."

ಇನ್‌ಸ್ಪೆಕ್ಟರ್ ಅರ್ಜಿ ಕೊಟ್ಟು ಹೋಗಿ ಎಂದರೂ ಅವಳು ಬೆಂಚು ಬಿಟ್ಟು ಏಳಲಿಲ್ಲ. ಹನ್ನೊಂದೂಕಾಲಿಗೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ ವ್ಯಕ್ತಿ. ಸ್ವತ್ತು: ಒಂದು ಸೀಟು. ಬರೆಯುವಾಗ ಹೆಡ್ ಕಾನ್‌ಸ್ಟೆಬಲ್ ತುಟಿ ಕಚ್ಚಿ ನಗು ತಡೆದುಕೊಂಡ.

ಮಧ್ಯಾಹ್ನ ಕೊರಿಯರ್ ಆಫೀಸಿನ ಪಾರ್ಕಿಂಗ್‌ನಲ್ಲಿ ಪಂಚನಾಮೆ ನಡೆಯಿತು. ಕ್ಯಾಮೆರಾ ಇತ್ತು, ಅದರ ಮುಖ ಗೋಡೆಗಿತ್ತು. ಮುಚ್ಚಳದ ಮೇಲೆ ಬೆರಳಚ್ಚು ಇರಲಿಲ್ಲ. ಅದನ್ನು ತಿರುಗಿಸಿ ನೋಡಿದವಳು ಮಹಿಳಾ ಪೇದೆ. ಅವಳು ಠಾಣೆಗೆ ಹೊಸಬಳು, ಮಾತು ಕಡಿಮೆ. ಒಳ ಅಂಚಿಗೆ ಬೂದು ಬಣ್ಣದ ಫೋಮಿನ ಪಟ್ಟಿ ಅಂಟಿಸಿತ್ತು.

"ಇದ್ಯಾಕೆ ಸರ್?"

"ಗೀರು ಬೀಳಬಾರದು ಅಂತ ಇರಬೇಕು."

"ಕಳ್ಳನಿಗೆ ಗೀರಿನ ಚಿಂತೆ ಯಾಕೆ?"

ಉತ್ತರವಿಲ್ಲದ ಪ್ರಶ್ನೆ ಕೇಳಿದ್ದಕ್ಕೆ ಇನ್‌ಸ್ಪೆಕ್ಟರ್ ಅವಳ ಮೇಲೆಯೇ ರೇಗಿದರು.

ಮಂಗಳವಾರ ಹಳೆ ಬಿಡಿಭಾಗಗಳ ಬೀದಿಯಲ್ಲಿ ಕಳೆಯಿತು. ಅಂಗಡಿ ಅಂಗಡಿ ತಿರುಗಿ ಕಾಲು ನೋವು ಬಂದದ್ದಷ್ಟೇ ಲಾಭ. ಗುಜರಿ ವ್ಯಾಪಾರಿಯೊಬ್ಬ ಬಿಡಿಸಿ ಹೇಳಿದ: "ಸಾಹೇಬ್ರೇ, ಕದಿಯೋನು ಹೆಡ್‌ಲೈಟ್ ಕದೀತಾನೆ, ಸೈಲೆನ್ಸರ್ ಕದೀತಾನೆ. ಆ ಹಿಂದಿನ ಸೀಟು ಅಂಗೈ ಅಗಲ ಇದೆ. ನಾಯಿನೂ ಅದರ ಮೇಲೆ ಮಲಗಲ್ಲ. ಯಾರು ಕೊಳ್ತಾರೆ?"

ಬುಧವಾರ ಇಂಥದೇ ಮುಚ್ಚಳದ ಇನ್ನೂ ಮೂರು ಬೈಕುಗಳು ಸಿಕ್ಕವು. ಮೂರೂ ಅದೇ ಮಾದರಿ. ಮೂವರೂ ದೂರು ಕೊಟ್ಟಿರಲಿಲ್ಲ, ಕೊಡಲು ಒಪ್ಪಲೂ ಇಲ್ಲ. ಅವರಲ್ಲೊಬ್ಬ ಕಾಲೇಜು ವಿದ್ಯಾರ್ಥಿ, ಕನ್ನಡಿಯಲ್ಲಿ ಕೂದಲು ಸರಿ ಮಾಡಿಕೊಳ್ಳುತ್ತ ಹೇಳಿದ: "ಸರ್, ಈಗ ನಿಜವಾದ ರೇಸ್ ಬೈಕ್ ಥರ ಕಾಣುತ್ತೆ. ಫ್ರೆಂಡ್ಸೆಲ್ಲ ಎಲ್ಲಿ ಮಾಡಿಸಿದೆ ಅಂತ ಕೇಳ್ತಿದ್ದಾರೆ. ಅವರು ಸಿಕ್ಕಿದ್ರೆ ನಂಬರ್ ಕೊಡ್ತೀರಾ?"

ಒಳಗಿನಿಂದ ಅವನ ತಾಯಿ ಕೂಗಿದಳು: "ಕದ್ದೋನಿಗೆ ಪುಣ್ಯ ಬರಲಿ! ಇನ್ನಾದರೂ ಹಿಂದೆ ಯಾರನ್ನೂ ಕೂರಿಸ್ಕೊಂಡು ಬೀದಿ ಸುತ್ತಲ್ಲ."

ದಿನಾ ಮಧ್ಯಾಹ್ನ ಪಾಳಿ ಮುಗಿಸಿ ಲಾಂಡ್ರಿಯವಳು ಠಾಣೆಗೆ ಬರುತ್ತಿದ್ದಳು. ಬಾಗಿಲಲ್ಲಿ ನಿಂತು, "ಸಿಕ್ತಾ?" ಎನ್ನುವಳು. ಇಲ್ಲ ಎಂದರೆ ಹೊರಟು ಹೋಗುವಳು. ಬೆಳಿಗ್ಗೆ ಅವಳನ್ನು ಗಂಡನ ಸ್ನೇಹಿತನೊಬ್ಬ ತನ್ನ ಸ್ಕೂಟರಿನಲ್ಲಿ ಆಸ್ಪತ್ರೆಗೆ ಬಿಡುತ್ತಿದ್ದ. ಶುಕ್ರವಾರದಿಂದ ಅವನೂ ಊರಲ್ಲಿರುವುದಿಲ್ಲ. ಎರಡನೆಯ ದಿನದಿಂದ ಹೆಡ್ ಕಾನ್‌ಸ್ಟೆಬಲ್ ಅವಳ ಚಪ್ಪಲಿ ಸದ್ದು ಕೇಳಿದರೆ ರೆಕಾರ್ಡ್ ರೂಮಿಗೆ ನುಗ್ಗುತ್ತಿದ್ದ.

ಗುರುವಾರ ಇನ್‌ಸ್ಪೆಕ್ಟರ್ ಬೈಕ್ ಅಲಂಕಾರದ ಅಂಗಡಿಯವನನ್ನು ಕರೆಸಿ ಕೂರಿಸಿದರು. ಊರಲ್ಲಿ ಇಂಥ ಮುಚ್ಚಳ ಮಾರುವವನು ಅವನೊಬ್ಬನೇ. ವ್ಯಾಪಾರ ಹುಟ್ಟಿಸಲು ಹೀಗೆ ಮಾಡಿರಬೇಕು ಎಂಬ ಲೆಕ್ಕ. ಅವನು ಮುಚ್ಚಳವನ್ನೊಮ್ಮೆ ನೋಡಿ, "ನಾನು ಮಾರೋದು ಪ್ಲಾಸ್ಟಿಕ್. ಇಷ್ಟು ಚೆನ್ನಾಗಿ ಮಾಡಿ ಪುಕ್ಕಟೆ ಕೊಡೋಕೆ ನನಗೇನು ತಲೆ ಕೆಟ್ಟಿದೆಯಾ?" ಎಂದ. ಸಂಜೆಯೊಳಗೆ ಅವನ ಭಾವ ವಕೀಲರೊಂದಿಗೆ ಬಂದ. ಇನ್‌ಸ್ಪೆಕ್ಟರ್ ಕ್ಷಮೆ ಕೇಳಬೇಕಾಯಿತು. ಅದಾದ ಮೇಲೆ ಮೇಲಧಿಕಾರಿಯ ಫೋನು.

"ಒಬ್ಬ ಸೀಟ್ ಕಳ್ಳನ್ನ ಹಿಡಿಯೋಕಾಗಲ್ವೇನ್ರೀ?"

"ಹುಡುಕ್ತಿದ್ದೀವಿ ಸರ್."

ಫೋನಿಟ್ಟು ಅವರು ಮಹಿಳಾ ಪೇದೆಯ ಕಡೆ ತಿರುಗಿದರು. "ನಾಳೆ ಶೋರೂಮಿಗೆ ಹೋಗೋಣ. ಅಲ್ಲೂ ಮಣ್ಣು ತಿಂದು ಬರೋಣ."

ಶುಕ್ರವಾರ ಬೆಳಿಗ್ಗೆ ಶೋರೂಮಿನ ಮ್ಯಾನೇಜರ್ ತಣ್ಣನೆಯ ನೀರು ಕೊಟ್ಟು, ಗೋಡೆಯ ಮೇಲಿದ್ದ ಬೈಕಿನ ದೊಡ್ಡ ಚಿತ್ರ ತೋರಿಸಿದ.

"ಇದು ಒಂದೇ ಬೈಕ್ ಸರ್, ಆದ್ರೆ ಒಂದೊಂದು ಮಾರ್ಕೆಟ್‌ಗೆ ಒಂದೊಂದು ಅವತಾರ. ಕೆಲವು ಕಡೆ ಹೊಸದಾಗಿ ಲೈಸೆನ್ಸ್ ತಗೊಂಡೋರು ದೊಡ್ಡ ಎಂಜಿನ್ ಓಡಿಸೋ ಹಾಗಿಲ್ಲ, ಅದಕ್ಕೆ ಇದನ್ನ ಕೊಳ್ತಾರೆ. ಕೆಲವು ಕಡೆ ವಾರಕ್ಕೊಂದ್ಸಲ ಟ್ರ್ಯಾಕ್‌ಗೆ ಒಯ್ತಾರೆ. ಅಲ್ಲಿ ಒಂದೇ ಸೀಟು ಸಾಕು. ಇನ್ನು ಕೆಲವು ಕಡೆ ಲೀಟರ್‌ಗೆ ಎಷ್ಟು ಕೊಡುತ್ತೆ ಅಂತ ಮೊದಲು ಕೇಳ್ತಾರೆ."

"ಇಲ್ಲಿ?"

"ಇಲ್ಲಿ ಅದನ್ನೂ ಕೇಳ್ತಾರೆ, ರೇಸ್ ಲುಕ್ಕೂ ಬೇಕು ಅಂತಾರೆ. ಮದುವೆಗೆ ಮುಂಚೆ ಕೊಳ್ತಾರೆ, ಮದುವೆ ಆದ್ಮೇಲೂ ಅದೇ ಗಾಡಿ. ಹಿಂದೆ ಹೆಂಡತಿ, ಮಧ್ಯೆ ಮಗು, ಟ್ಯಾಂಕ್ ಮೇಲೆ ತರಕಾರಿ ಚೀಲ. ಸ್ಟಿಕ್ಕರ್ ರೇಸಿಂದು, ಸವಾರಿ ಸಂಸಾರದ್ದು!" ತನ್ನ ಮಾತಿಗೆ ತಾನೇ ನಕ್ಕ.

ಮಹಿಳಾ ಪೇದೆ ಅಲ್ಲಿರಲಿಲ್ಲ. ಅವಳು ಹಿಂದಿನ ಅಂಗಳದಲ್ಲಿ ನಿಂತಿದ್ದಳು. ಅಲ್ಲಿ ನಡುವಯಸ್ಸಿನ ಫಿಟ್ಟರ್ ಹೊಸ ಬೈಕೊಂದರ ಮರದ ಪೆಟ್ಟಿಗೆ ಒಡೆಯುತ್ತಿದ್ದ. ಪ್ಯಾಕಿಂಗಿನ ಬೂದು ಫೋಮಿನ ಪಟ್ಟಿಗಳನ್ನು ಹರಿಯದಂತೆ ಬಿಡಿಸಿ ಸುರುಳಿ ಸುತ್ತಿಟ್ಟ. ಆಮೇಲೆ ಸ್ಪ್ಯಾನರ್ ತೆಗೆದುಕೊಂಡು ಹಿಂದಿನ ಸೀಟಿನ ಎರಡೂ ಬದಿಯಲ್ಲಿದ್ದ ಕಪ್ಪು ಹಿಡಿಕೆಯನ್ನು ಬಿಚ್ಚಿದ. ಬೋಲ್ಟಿನ ತೂತುಗಳಿಗೆ ರಬ್ಬರ್ ಬಿರಡೆ ಒತ್ತಿದ. ಹಿಡಿಕೆಯನ್ನು ಗುಜರಿ ಡ್ರಮ್ಮಿಗೆ ಎಸೆದ. ಠಣ್ ಎಂದಿತು.

"ಅದನ್ನ ಯಾಕೆ ಬಿಚ್ಚಿದ್ರಿ ಅಣ್ಣ?"

"ಆರ್ಡರ್ ಇದೆ."

"ಹಿಂದೆ ಕೂತೋರು ಏನು ಹಿಡ್ಕೋತಾರೆ?"

ಅವನು ಅವಳ ಮುಖ ನೋಡಿದ. ಸ್ಪ್ಯಾನರ್ ಕೆಳಗಿಟ್ಟ. "ಇಷ್ಟು ವರ್ಷಕ್ಕೆ ಅದನ್ನ ಕೇಳಿದೋರು ನೀವೊಬ್ರೇ ಮೇಡಂ."

ಅಷ್ಟರಲ್ಲಿ ಮ್ಯಾನೇಜರ್, ಹಿಂದೆ ಇನ್‌ಸ್ಪೆಕ್ಟರ್ ಅಂಗಳಕ್ಕೆ ಬಂದರು. "ಓ, ಗ್ರ್ಯಾಬ್ ರೈಲಾ? ಅದಿದ್ರೆ ಮುದುಕರ ಗಾಡಿ ಥರ ಕಾಣುತ್ತೆ ಅಂತ ಹುಡುಗರು ಮುಟ್ಟಲ್ಲ ಸರ್. ಫ್ಯಾಕ್ಟರಿಯಿಂದ ಬರುತ್ತೆ, ನಾವು ತೆಗೆದು ಕೊಡ್ತೀವಿ."

ಪೇದೆ ಸುರುಳಿಯಿಂದ ಒಂದು ಪಟ್ಟಿ ಎತ್ತಿ ಇನ್‌ಸ್ಪೆಕ್ಟರ್ ಕೈಗಿಟ್ಟಳು. ಅವರು ಪಟ್ಟಿಯನ್ನು ನೋಡಿದರು, ಆಮೇಲೆ ಫಿಟ್ಟರನನ್ನು.

"ನಿನ್ನ ಮನೆ ಎಲ್ಲಿ?"

"ಹತ್ತಿರಾನೇ ಸಾರ್. ಬನ್ನಿ, ತೋರಿಸ್ತೀನಿ," ಎಂದು ಅವನು ಕೈ ಒರೆಸಿಕೊಂಡ.

ಎರಡು ಕೋಣೆಯ ಬಾಡಿಗೆ ಮನೆ. ಪಂಚರ ಎದುರು ಫಿಟ್ಟರನೇ ಅಡುಗೆಮನೆಯ ಅಟ್ಟದಿಂದ ಒಂದೊಂದಾಗಿ ಸೀಟುಗಳನ್ನು ಇಳಿಸಿ ಕೊಟ್ಟ. ಧೂಳು ಕೂರದಂತೆ ಪ್ಲಾಸ್ಟಿಕ್ ಸುತ್ತಿತ್ತು. ಒಟ್ಟು ಒಂಬತ್ತು. ಅಂದರೆ ಇನ್ನೂ ಐವರು ತಮ್ಮ ಬೈಕಿಗೆ ಬಂದ ಡುಬ್ಬ ನೋಡಿಕೊಂಡು ಖುಷಿಯಾಗಿದ್ದರು.

ಕೋಣೆಯ ಕುರ್ಚಿಯಲ್ಲಿ ಫಿಟ್ಟರನ ಹೆಂಡತಿ ಕೂತಿದ್ದಳು. ಪಕ್ಕದಲ್ಲಿ ಊರಿಕೊಂಡು ನಡೆಯುವ ನಾಲ್ಕು ಕಾಲಿನ ವಾಕರ್.

"ಏನ್ರೀ ಇದು?"

"ಕೆಲಸದ್ದು ಕಣೇ," ಎಂದ ಫಿಟ್ಟರ್, ಮುಖ ತಿರುಗಿಸಿ.

"ನಿಮ್ಮ ಕೆಲಸಕ್ಕೆ ಪೊಲೀಸರು ಕೂಲಿಗೆ ಬಂದಿದ್ದಾರಾ?"

ಹೆಡ್ ಕಾನ್‌ಸ್ಟೆಬಲ್ ಈ ಸಲ ನಗಲಿಲ್ಲ. ವಾಕರನ್ನು ಸದ್ದಾಗದಂತೆ ದಾರಿಯಿಂದ ಸರಿಸಿಕೊಟ್ಟ.

ಹನ್ನೆರಡೂವರೆಗೆ ದಸ್ತಗಿರಿ. ಮಧ್ಯಾಹ್ನ ಠಾಣೆಯಲ್ಲಿ ಹೇಳಿಕೆ ತೆಗೆದುಕೊಂಡರು.

"ಸೀಟು ಹೇಗೆ ತೆಗೀತಿದ್ದೆ?"

"ಅದರ ಲಾಕು ನಮಗೆ ಒಂದು ಕಡ್ಡಿ ಸಾಕು ಸಾರ್. ಎರಡು ನಿಮಿಷದ ಕೆಲಸ."

"ಅದೇ ಮಾದರಿ ಯಾಕೆ?"

"ಅವಷ್ಟಕ್ಕೂ ಹಿಡಿಕೆ ಬಿಚ್ಚಿದ್ದು ನಾನು."

"ವಾಪಸ್ ಹಾಕಬಹುದಿತ್ತಲ್ಲ?"

"ಹಾಕ್ದೆ. ಸರ್ವೀಸ್‌ಗೆ ಬಂದ ಎರಡು ಗಾಡಿಗೆ ಹಾಕಿ ಕಳಿಸ್ದೆ. ಇಬ್ರೂ ಬಂದು ಜಗಳ ಆಡಿ ಬಿಚ್ಚಿಸಿಕೊಂಡು ಹೋದ್ರು. ಮ್ಯಾನೇಜರ್ ಬೈದ್ರು. ಹಿಡಿಕೆ ಹಾಕಿದ್ರೆ ಬೇಡ ಅಂತಾರೆ, ಸೀಟ್ ತೆಗೆದು ಡುಬ್ಬ ಹಾಕಿದ್ರೆ ಚೆನ್ನಾಗಿದೆ ಅಂತಾರೆ. ಸರಿ, ಹಾಗೇ ಆಗಲಿ ಅಂದ್ಕೊಂಡೆ."

"ಕೊರಿಯರ್‌ನೋರ ಗಾಡಿ?"

"ಅವರ ಹೆಂಡತಿ ಒಂದೇ ಕಡೆ ಕಾಲು ಹಾಕಿ ಕೂತ್ಕೋತಾರೆ, ಕೈಯಲ್ಲಿ ಊಟದ ಚೀಲ. ದಿನಾ ಬೆಳಿಗ್ಗೆ ನಮ್ಮ ಮನೆ ಮುಂದೇನೇ ಹೋಗೋರು, ನೋಡ್ತಿದ್ದೆ. ಇವತ್ತು ಬೀಳ್ತಾರೆ, ನಾಳೆ ಬೀಳ್ತಾರೆ ಅಂತ."

ಇನ್‌ಸ್ಪೆಕ್ಟರ್ ಪೆನ್ನನ್ನು ಮೇಜಿನ ಮೇಲಿಟ್ಟರು. "ನಿನ್ನ ಹೆಂಡತಿ ಬಿದ್ದಿದ್ದೂ ಇಂಥದೇ ಗಾಡಿಯಿಂದಲೇನಾ?"

"ಹೌದು. ಶೋರೂಮಲ್ಲಿ ನಮಗೆ ಕಡಿಮೆಗೆ ಕೊಟ್ಟಿದ್ರು. ಅದರ ಹಿಡಿಕೆನೂ ನಾನೇ ಬಿಚ್ಚಿದ್ದೆ, ಚೆನ್ನಾಗಿ ಕಾಣಲಿ ಅಂತ." ಅವನು ಉಗುರಿನ ಗ್ರೀಸ್ ಕೆರೆದುಕೊಂಡ. "ಅವಳು ಹಿಂದೆ ಕೂತ್ರೆ ಬಾಯಿ ಮುಚ್ಚೋಳಲ್ಲ ಸಾರ್. ಅವತ್ತೂ ಏನೋ ಹೇಳ್ತಾ ಇದ್ಲು. ನಾನು ಸಿಡುಕ್ದೆ. ಒಂದು ಹಂಪ್ ಬಂತು, ಅದಾದ್ಮೇಲೆ ಮಾತು ನಿಂತೋಯ್ತು. ಕೋಪ ಬಂದಿದೆ, ಇಳೀಲಿ ಅಂತ ನಾನೂ ಸುಮ್ಮನೆ ಓಡಿಸ್ದೆ. ಸಿಗ್ನಲ್ ಹತ್ರ ನಿಲ್ಲಿಸಿ ತಿರುಗಿ ನೋಡ್ತೀನಿ, ಹಿಂದೆ ಯಾರೂ ಇಲ್ಲ."

ಹೆಡ್ ಕಾನ್‌ಸ್ಟೆಬಲ್ ಕೊನೆಯ ಸಾಲು ಬರೆದುಕೊಂಡ. ಹಿಡಿಕೆ ಬಿಚ್ಚಿ ಮಾರುವವರ ಮೇಲೆ ಹಾಕಲು ಯಾವುದಾದರೂ ಸೆಕ್ಷನ್ ಇದೆಯೇ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಅವನು ಪುಸ್ತಕ ತಿರುವಿ ನೋಡಿ ಅಡ್ಡಡ್ಡ ತಲೆಯಾಡಿಸಿದ: ಆರ್‌ಟಿಒ ಹಾಕುವ ದಂಡವಿತ್ತು, ಠಾಣೆ ಹಾಕುವ ಸೆಕ್ಷನ್ ಇರಲಿಲ್ಲ. ಸೀಟು ಕದ್ದದ್ದಕ್ಕೆ ಇತ್ತು.

ಮೂರೂವರೆಗೆ ಲಾಂಡ್ರಿಯವಳು ಗಂಡನೊಂದಿಗೆ ಬಂದಳು. ಇವತ್ತು ಬಸ್ಸಿನಲ್ಲಿ ಹೋಗಿದ್ದಳು. ಎರಡನೆಯ ಸಲ ತಡ. ಮೇಜಿನ ಮೇಲೆ ತನ್ನ ಸೀಟು ಕಂಡು ಅವಳ ಮುಖ ಅರಳಿತು. ಆಮೇಲೆ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ ಫಿಟ್ಟರನನ್ನು ಕಂಡಳು. ಮಹಿಳಾ ಪೇದೆ ನಡೆದದ್ದನ್ನೆಲ್ಲ ಮೆಲ್ಲಗೆ ಹೇಳಿದಳು.

ಲಾಂಡ್ರಿಯವಳು ಅವನ ಮುಂದೆ ಹೋಗಿ ನಿಂತಳು.

"ನಿಮ್ಮ ಮನೆಯವರಿಗೆ ಹೀಗಾಗಬಾರದಿತ್ತು ಅಣ್ಣ. ಆದ್ರೆ ಬೀಳೋಳು ನಾನು ತಾನೇ? ನನ್ನನ್ನ ಒಂದು ಮಾತು ಕೇಳಿದ್ರಾ? ಹಿಡಿಕೆ ಹಾಕಿಸ್ಕೋತೀಯಮ್ಮ ಅಂದಿದ್ರೆ ಎರಡು ಹಾಕಿಸ್ಕೊಂಡು ಹೋಗ್ತಿದ್ದೆ."

ಗಂಡ ನೆಲ ನೋಡಿದ. ಎಲ್ಲ ಸಲವೂ ಫಿಟ್ಟರ್ ಮಾತಾಡಿದ್ದು ಮುಂದೆ ಕೂತವರ ಜೊತೆ.

ಅವಳು ಸೀಟಿಗೆ ಕೈ ಹಾಕಿದಳು. ಇನ್‌ಸ್ಪೆಕ್ಟರ್ ಗಂಟಲು ಸರಿಮಾಡಿಕೊಂಡರು.

"ಅದನ್ನ ಈಗ ಕೊಡೋಕಾಗಲ್ಲಮ್ಮ. ಅದು ಮುದ್ದೆಮಾಲು, ಕೇಸಿನ ಸಾಕ್ಷಿ. ಕೋರ್ಟಿಗೆ ಹೋಗ್ಬೇಕು, ಅಲ್ಲಿಂದ ಆರ್ಡರ್ ಬರ್ಬೇಕು. ಅರ್ಜಿ ಹಾಕಿ, ನಾನೂ ಬೇಗ ಕೊಡಿಸೋಕೆ ನೋಡ್ತೀನಿ."

"ಎಷ್ಟು ದಿನ?"

"ಹತ್ತು... ಹದಿನೈದು ದಿನ ಅಂದ್ಕೊಳ್ಳಿ."

"ನಾನು ಬೀಳಬಾರದು ಅಂತ ಅವರು ತಗೊಂಡು ಹೋದ್ರು. ಸಾಕ್ಷಿ ಅಂತ ಈಗ ನೀವು ಇಟ್ಕೊಂಡ್ರಿ," ಎಂದಳು ಅವಳು. "ನಾಳೆ ಆರಕ್ಕೆ ನಾನು ಹೇಗೆ ಹೋಗ್ಲಿ ಸಾರ್?"

ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೆಬಲನ ಮುಖ ನೋಡಿದರು. ಅವನು ಕಿಟಕಿ ನೋಡಿದ.

"ನಾಳೆ ನನ್ನ ಸ್ಕೂಟರಲ್ಲಿ ಬಿಡ್ತೀನಿ ಅಕ್ಕ," ಎಂದಳು ಮಹಿಳಾ ಪೇದೆ.

"ನಾಳಿದ್ದು?"

ಇನ್‌ಸ್ಪೆಕ್ಟರ್ ಸೀಟಿಗೆ ಬಟ್ಟೆ ಸುತ್ತಿಸಿ, ಚೀಟಿ ಕಟ್ಟಿಸಿ, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತಿದರು.