ಅತ್ತೆಯ ಮೊಣಕಾಲ ಸದ್ದು

ಅತ್ತೆಗೊಂದು ಲಂಗ, ಸೊಸೆಗೊಂದು ಸೂಜಿ. ಗಾದೆ ಹೀಗಲ್ಲವೆಂದು ನೀವು ಮೂಗು ಮುರಿಯಬಹುದು; ಆದರೆ ಅಮೆರಿಕದ ಕನೆಕ್ಟಿಕಟ್ ಹೊಳೆಯ ದಂಡೆಯ ನಮ್ಮೂರಿನಲ್ಲಿ ನಡೆದದ್ದು ಹೀಗೆಯೇ. ಇದರಲ್ಲಿ ಸುಳ್ಳಿನ ಒಂದೆಳೆಯೂ ಇಲ್ಲ.

“ಆ ಕಾಗದ ಎಲ್ಲಿಟ್ಟಿದ್ದೀಯೇ?” ಮೆಹಿಟಬೆಲ್ ಸೊಸೆಯ ಪೆಟ್ಟಿಗೆಯನ್ನು ನೆಲದ ಮೇಲೆ ಬೋರಲು ಹಾಕಿದಳು.

ಸೊಸೆ ಜೆರೂಷಾ ಈರುಳ್ಳಿಯ ಜಡೆ ಹೆಣೆಯುತ್ತಲೇ ಇದ್ದಳು. ಕಣ್ಣಲ್ಲಿ ನೀರು... ಅದು ಈರುಳ್ಳಿಯದೋ, ಅವಮಾನದ್ದೋ!

ಆ ಕಾಗದವೆಂದರೆ ಗಂಡ ಅಸಾಹೆಲನ ಆರು ವರ್ಷದ ಸಿಪಾಯಿಗಿರಿ. ಇಂಗ್ಲಿಷರ ವಿರುದ್ಧದ ಯುದ್ಧ ಮುಗಿದಾಗ ಸಂಬಳ ಬಂದಿರಲಿಲ್ಲ, ಲೆಕ್ಕದ ಗುಮಾಸ್ತ ಬಂದಿದ್ದ. ಆ ಪುಣ್ಯಾತ್ಮ ಮೂರು ದಿನ ಹರಿದ ಹಾಜರಿ ಪಟ್ಟಿಗಳನ್ನು ಜೋಡಿಸಿ ಕೂತ. ಅಸಾಹೆಲ ಸಿಡುಬಿನಿಂದ ಮಲಗಿದ್ದ ನಾಲ್ಕು ತಿಂಗಳು ಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ಗುಮಾಸ್ತ ಕ್ಯಾಪ್ಟನ್ನನ ಮನೆಗೆ ತಾನೇ ನಡೆದು ಹೋಗಿ ಸಾಕ್ಷಿ ಬರೆಸಿ ತಂದ. ಸರ್ಕಾರ ಕೊಟ್ಟಿದ್ದ ಎರಡು ಅಂಗಿ, ಒಂದು ಕಂಬಳಿಯ ಬೆಲೆಯನ್ನೂ ಅಷ್ಟೇ ನಿಷ್ಠೆಯಿಂದ ಕಳೆದ. ಕೊನೆಗೆ, ಇಷ್ಟು ಬಾಕಿ, ಬಡ್ಡಿ ಸಮೇತ ಕೊಡುತ್ತೇವೆ ಎಂಬ ಪತ್ರ ಕೈಗಿಟ್ಟ. ಬೊಕ್ಕಸದಲ್ಲಿ ಮಾತ್ರ ಬರೀ ಗಾಳಿ!

ಅಂಥ ಪತ್ರಗಳನ್ನು ಕೊಳ್ಳಲು ಹೆಂಡದಂಗಡಿಯಲ್ಲಿ ಪೆಲೆಗ್ ಎಂಬ ವ್ಯಾಪಾರಿ ಠಿಕಾಣಿ ಹೂಡಿದ್ದ. ಎಂಟು ಪಾಲಿನ ಬೆಲೆಗೆ ಒಂದು ಪಾಲು ಕೊಡುತ್ತಿದ್ದ. ಅರ್ಧ ಊರು ಮಾರಿಕೊಂಡಿತ್ತು. ಮೆಹಿಟಬೆಲ್‌ಗೂ ಮಾರಿ ಹಸು ತರುವ ಆಸೆ. ಹಾಲಿಲ್ಲದ ಚಳಿಗಾಲಗಳಲ್ಲಿ ಎರಡು ಕೂಸುಗಳನ್ನು ಮಣ್ಣುಮಾಡಿದ ತಾಯಿ ಅವಳು... ಅವಳನ್ನು ಬರೀ ಕ್ರೂರಿ ಎನ್ನಲಾದೀತೇ?

ಅಸಾಹೆಲ ಮಾತ್ರ ಹೆಂಡತಿಯ ಕೈಗೆ ಪತ್ರ ಕೊಟ್ಟು ಅಂದಿದ್ದ: “ಎಲ್ಲಿಟ್ಟೆ ಅಂತ ನಂಗೂ ಹೇಳ್ಬೇಡ. ಅಮ್ಮ ಅತ್ರೆ ನಾನು ಬಾಯಿಬಿಟ್ಟುಬಿಡ್ತೀನಿ.”

ಅಂದಿನಿಂದ ಜೆರೂಷಾ ಊರಿಗೆಲ್ಲ ಕಳ್ಳಿ. ಪ್ರಾರ್ಥನಾ ಮಂದಿರದಲ್ಲಿ ಪಕ್ಕದ ಹೆಂಗಸರು ಸರಿದು ಕೂರುತ್ತಿದ್ದರು. ಅತ್ತೆ ಹಾಸಿಗೆ ಬಿಚ್ಚಿದಳು, ಒಲೆಯ ಇಟ್ಟಿಗೆ ಕಿತ್ತಳು. ಚಳಿಗಾಲದಲ್ಲಿ ಓಡಾಡುವಾಗ ಮೊಣಕಾಲು ಚರಚರ ಎಂದರೆ ಅದಕ್ಕೂ ಸೊಸೆಗೇ ಬೈಗುಳ. ಹೆಬ್ಬಾತಿನ ಕೊಬ್ಬು ಕಾಯಿಸಿ ತಿಕ್ಕುವ ಕೆಲಸವೂ ಸೊಸೆಯದೇ. ಜೆರೂಷಾ ತಲೆ ತಗ್ಗಿಸಿ ತಿಕ್ಕುತ್ತಿದ್ದಳು. ಏಕೋ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಅತ್ತೆ ತಿಳಿದಿದ್ದಳು.

ಪತ್ರ ಬಚ್ಚಿಟ್ಟ ಮೇಲೆ ಏಳನೆಯ ಚಳಿಗಾಲ ಕಾಲಿಡುವಾಗ ಸುದ್ದಿ ಬಂತು. ಹೊಸ ಸರ್ಕಾರ ಹಳೆಯ ಪತ್ರಗಳನ್ನು ಪೂರ್ತಿ ಬೆಲೆಗೆ ಒಪ್ಪಿಕೊಳ್ಳುತ್ತದಂತೆ! ಮಾರಿಕೊಂಡವರ ಮನೆಗಳಲ್ಲಿ ಅಂದು ಒಲೆ ಉರಿಯಲಿಲ್ಲ. ಮೆಹಿಟಬೆಲ್ ಮೂಲೆಯಲ್ಲಿ ಕುಸಿದಳು. “ಕಳ್ದೇಹೋಯ್ತಲ್ಲೇ ಅದು... ನಾನೇ ಒಲೆಗೆ ಹಾಕಿದ್ನೋ ಏನೋ...”

ಜೆರೂಷಾ ಕತ್ತರಿ ಹಿಡಿದು ಅತ್ತೆಯ ಮುಂದೆ ಮಂಡಿಯೂರಿದಳು. ಪೆಲೆಗನ ಮೂಗುಸ್ವರವನ್ನೇ ತೆಗೆದು, “ಎದ್ದೇಳಿ ತಾಯೀ, ಎಂಟಕ್ಕೊಂದು ಕೊಡ್ತೀನಿ, ಲಂಗ ಸಮೇತ” ಎಂದಳು.

ಮುದುಕಿ ಬೆಪ್ಪಾಗಿ ಎದ್ದಳು. ಉಣ್ಣೆ ತುಂಬಿ ಹೊಲಿದ ಚಳಿಗಾಲದ ಲಂಗ. ಅದರ ಅಂಚನ್ನು ಸೊಸೆಯೇ ಹೊಲಿದುಕೊಟ್ಟಿದ್ದಳು. ನಾಲ್ಕು ಹೊಲಿಗೆ ಬಿಚ್ಚಿದೊಡನೆ ಮೇಣದ ಬಟ್ಟೆಯ ಸುರುಳಿ ಚರಚರ ಎನ್ನುತ್ತ ಹೊರಬಂತು. ಒಳಗೆ ಗುಮಾಸ್ತನ ದುಂಡಕ್ಷರ, ಒಂದು ಅಕ್ಷರವೂ ಮಾಸಿರಲಿಲ್ಲ.

“ಎಲ್ಲಾ ಕಡೆ ಹುಡುಕ್ತಿದ್ರಿ ಅತ್ತೆ, ನಿಮ್ಮನ್ನೊಬ್ಬರನ್ನ ಬಿಟ್ಟು. ಕ್ಷಮಿಸಿ” ಎನ್ನುತ್ತ ಜೆರೂಷಾ ಕಣ್ಣೊರೆಸಿಕೊಂಡು ಸುರುಳಿಯನ್ನು ಅತ್ತೆಯ ಕೈಗಿಟ್ಟಳು.

ಮೆಹಿಟಬೆಲ್ ಆ ಬಟ್ಟೆಯನ್ನು ಹಿಸುಕಿದಳು. ಚರಚರ. ಮತ್ತೆ ಹಿಸುಕಿದಳು. ನಾಲ್ಕು ಹೆಜ್ಜೆ ನಡೆದು ನೋಡಿದಳು, ಮೊಣಕಾಲು ತೆಪ್ಪಗಿತ್ತು.

“ಅಯ್ಯೋ ನನ್ ತಾಯೀ... ಆರು ವರ್ಷ ನಾನು ಕಾಗದದ ನೋವಿಗೆ ಬಾತಿನ ಕೊಬ್ಬು ತಿಕ್ಕಿಸ್ಕೊಂಡ್ನಲ್ಲೇ!”

ಬಾಗಿಲಲ್ಲಿ ನಿಂತಿದ್ದ ಅಸಾಹೆಲ ನಕ್ಕ, ಜೆರೂಷಾ ಅಳುತ್ತಲೇ ನಕ್ಕಳು. ಆದರೆ ಸೊಸೆಯ ಹೆಗಲಿಗೆ ಆತುಕೊಂಡು ಮುದುಕಿ ನಕ್ಕ ನಗು ಆಚೆ ಬೀದಿಯ ಪೆಲೆಗನ ಕಿವಿಗೂ ಬಿತ್ತಂತೆ.